ಹತ್ತು ಎಂದರೆ ಇಳಿಯುವುದು

ಯಾರಾದರೂ ಗಟ್ಟಿಯಾಗಿ ಎಣಿಸುವುದು ಕೇಳಿದರೆ ಈಗಲೂ ನನ್ನ ಅಂಗೈ ಬೆವರುತ್ತದೆ. ಅಂಗಳದಲ್ಲಿ ತೆಂಗಿನಕಾಯಿ ಲೆಕ್ಕ ಮಾಡುವವರು ಏಳು, ಎಂಟು ಎಂದು ಮುಂದುವರಿಯುವಾಗ ನಾನು ಏನೋ ನೆಪ ಹುಡುಕಿ ಒಳಗೆ ಹೋಗುತ್ತೇನೆ. ಬಿ.ಎ. ಓದಿದವರಿಗೆ ಲೆಕ್ಕದ ಭಯವೇ ಎಂದು ಮನೆಯವಳು ನಗುತ್ತಾಳೆ. ನನ್ನ ಭಯ ಲೆಕ್ಕದ್ದಲ್ಲ, ಹತ್ತರದ್ದು. ಅದನ್ನು ನನಗೆ ಅಂಟಿಸಿದ್ದು ಪುತ್ತೂರಿನ ನಮ್ಮ ಅಥ್ಲೆಟಿಕ್ ಕ್ಲಬ್ಬು.

ಅಥ್ಲೆಟಿಕ್ ಎಂದ ಕೂಡಲೇ ನೀವು ನನ್ನ ತೋಳುಗಳನ್ನು ಕಲ್ಪಿಸಿಕೊಳ್ಳಬೇಡಿ. ನಮ್ಮಲ್ಲಿ ಎರಡು ಬಗೆಯ ಸದಸ್ಯರಿದ್ದರು: ವ್ಯಾಯಾಮ ಮಾಡುವವರು ಮತ್ತು ಅದನ್ನು ನೋಡಿ ಸುಸ್ತಾಗಿ ಚಹಾ ಕುಡಿಯುವವರು. ನಾನು ಎರಡನೆಯ ಪಂಗಡದ ನಿಷ್ಠಾವಂತ. ಕೇರಂ ಬೋರ್ಡಿಗೆ ಪುಡಿ ಹಾಕಿ ಉಜ್ಜುವುದರಲ್ಲಿ ನನ್ನ ಬಲಗೈ ತಕ್ಕಮಟ್ಟಿಗೆ ಬೆಳೆದಿತ್ತು, ಅಷ್ಟೆ. ಸಂಜೆ ವಾಲಿಬಾಲಿನವರು ಬೆವರಿಳಿಸಿ ಬರುವ ಹೊತ್ತಿಗೆ ಗೋಳಿಬಜೆಯ ತಟ್ಟೆ ಖಾಲಿಯಾಗಿರುತ್ತಿತ್ತು. ಕ್ಲಬ್ಬಿನಲ್ಲಿ ನಡೆಯುತ್ತಿದ್ದ ಜಗಳಗಳಲ್ಲಿ ಮುಕ್ಕಾಲು ಪಾಲು ಈ ತಟ್ಟೆಯವು.

ಉಳಿದ ಕಾಲು ಪಾಲು ಭಾಷೆಯವು. ರಾಜ್ಯ ಒಂದಾಗಿ ನಾವು ಮದರಾಸಿನಿಂದ ಮೈಸೂರಿಗೆ ಸೇರಿದ ಮರುವರ್ಷ, ವಾರ್ಷಿಕೋತ್ಸವದ ಕವಾಯತಿನ ಆಜ್ಞೆಗಳೆಲ್ಲ ಇನ್ನು ಕನ್ನಡದಲ್ಲೇ ಎಂದು ಸಮಿತಿ ತೀರ್ಮಾನಿಸಿತು. ‘ಅಟೆನ್ಷನ್’ ಹೋಗಿ ‘ಎಚ್ಚರ’ ಬಂತು. ಮಧ್ಯಾಹ್ನ ಉಂಡು ಬಂದ ಸದಸ್ಯರಿಗೆ ಅದೇ ಹೆಚ್ಚು ಸರಿಯಾಗಿತ್ತು. ಡ್ರಿಲ್ ಮಾಸ್ಟ್ರು ಐತಪ್ಪನವರು ತುಳು ಮನೆಮಾತಿನವರು. ಅದುವರೆಗೆ ಇಂಗ್ಲಿಷಿನಲ್ಲಿ ಗದರಿಸಿ ಅಭ್ಯಾಸ. ಆದರೂ ಪಾಪ, ಕನ್ನಡದಲ್ಲಿ ಗದರಿಸಲು ಶ್ರದ್ಧೆಯಿಂದ ಕಲಿತರು.

ಉತ್ಸವದ ಮುಖ್ಯ ಆಕರ್ಷಣೆ ಪಿರಮಿಡ್ಡು. ಕೆಳಗೆ ನಾಲ್ವರು, ಅವರ ಹೆಗಲ ಮೇಲೆ ಇಬ್ಬರು, ಆ ಇಬ್ಬರ ಮೇಲೆ ಒಬ್ಬನೇ ಪದ್ಮನಾಭ. ಅವನು ಕೊಯಿಲದವನು, ಜವಳಿ ಅಂಗಡಿಯಲ್ಲಿ ಗುಮಾಸ್ತ, ಹತ್ತಿಯಂತೆ ಹಗುರ. ಕೆಳಸಾಲಿನ ನಡುವೆ ಅಜ್ಜಾವರದ ಕುಶಾಲಪ್ಪ. ಅವನ ಹೆಗಲ ಮೇಲೆ ಬೇಕಾದರೆ ಬಸ್ಸು ನಿಲ್ಲಿಸಬಹುದಿತ್ತು. ಮಾಸ್ಟ್ರು ಕೂಗುವ ಒಂದೊಂದು ಸಂಖ್ಯೆಗೆ ಒಂದೊಂದು ಚಲನೆ. ಏಳಕ್ಕೆ ಪದ್ಮನಾಭ ಮೇಲಿನ ಇಬ್ಬರ ಬೆನ್ನಿಗೆ ಅಂಟಿಕೊಳ್ಳಬೇಕು, ಎಂಟಕ್ಕೆ ಅವರ ಹೆಗಲೇರಿ ನಿಲ್ಲಬೇಕು, ಒಂಬತ್ತಕ್ಕೆ ಸಭೆಗೆ ಕೈಮುಗಿಯಬೇಕು. ಹತ್ತು ಎಂದರೆ ಎಲ್ಲರೂ ಇಳಿಯುವುದು. ತಾಲೀಮಿನಲ್ಲಿ ಒಮ್ಮೆಯೂ ತಪ್ಪಲಿಲ್ಲ.

ಉತ್ಸವದ ದಿನ ಏಳು ಎಂದಾಗ ಕುಶಾಲಪ್ಪನ ಹಿಮ್ಮಡಿಯ ಅಡಿಯಲ್ಲಿ ಮುರಕಲ್ಲಿನ ಹರಳೊಂದು ಜಾರಿತು. ಮೊಣಕಾಲು ನಡುಗಿತು; ಇಡೀ ಗೋಪುರ ಒಂದು ಬದಿಗೆ ವಾಲಿತು. ಇನ್ನು ಮುಂದುವರಿದರೆ ಪದ್ಮನಾಭನ ಕುತ್ತಿಗೆ ಉಳಿಯುವುದಿಲ್ಲ ಎಂದು ಮಾಸ್ಟ್ರಿಗೆ ತಕ್ಷಣ ಹೊಳೆಯಿತು. ಎಂಟು, ಒಂಬತ್ತನ್ನು ಬಿಟ್ಟು ನೇರವಾಗಿ ಕೂಗಿದರು:

“ಹತ್ತು.”

ಒಂಬತ್ತರ ಬೆನ್ನಿಗೆ ಬಂದಿದ್ದರೆ ಅದು ಸಂಖ್ಯೆ. ಏಳರ ಬೆನ್ನಿಗೆ ಬಂದದ್ದರಿಂದ ಕ್ರಿಯಾಪದವಾಯಿತು. ಪದ್ಮನಾಭ ಹತ್ತಿದ.

“ಹತ್ತು ಅಂದೆ, ಹತ್ತು.”

“ಹತ್ತುತ್ತಾ ಇದ್ದೇನಲ್ಲ ಮಾಸ್ಟ್ರೇ. ಅವಸರ ಮಾಡ್ಬೇಡಿ.”

ಕೆಳಗಿನಿಂದ ಕುಶಾಲಪ್ಪನ ಸ್ವರ ಬಂತು: “ಯಾರು ಮಾರಾಯ ಮೇಲೆ ಹೋಗುದು? ಇಳೀಲಿಕ್ಕೆ ಅಲ್ವಾ ಹೇಳಿದ್ದು?”

ಮುಂದಿನ ಸಾಲಿನಲ್ಲಿ ಕುಳಿತಿದ್ದ ಪದ್ಮನಾಭನ ತಾಯಿ ಎದ್ದು ನಿಂತರು. ನಾನು ಅತಿಥಿಗಳ ಹಾರ ಹಿಡಿದುಕೊಂಡು ಗೋಪುರದ ಪಕ್ಕದಲ್ಲೇ ಇದ್ದೆ. ಅದನ್ನು ಹಿಡಿದೇ ನಿಂತೆ. ಪದ್ಮನಾಭನ ಪಾದ ಹೆಗಲಿನಿಂದ ಅರ್ಧ ಜಾರಿ, ಹೆಬ್ಬೆರಳು ಕೆಳಗಿನವನ ಬನಿಯನ್ನಿನ ಪಟ್ಟಿಗೆ ಸಿಕ್ಕಿಕೊಂಡದ್ದು ಕಣ್ಣು ಮುಚ್ಚಿದರೆ ಇವತ್ತಿಗೂ ಕಾಣುತ್ತದೆ. ಬೀಳಲಿಲ್ಲವೆಂದು ಗೊತ್ತಿದ್ದೂ, ಪ್ರತಿಸಲ ಕಾಣುವಾಗಲೂ ಈ ಸಲ ಬೀಳುತ್ತಾನೆ ಎನಿಸುತ್ತದೆ.

ಗಾಬರಿಯಾದಾಗ ಮನುಷ್ಯ ಮನೆಮಾತಿಗೆ ಓಡಿಹೋಗುತ್ತಾನೆ. ಐತಪ್ಪ ಮಾಸ್ಟ್ರು ಅದೇ ಹತ್ತನ್ನು ತುಳುವಿನಲ್ಲಿ ಕಿರುಚಿದರು: “ಪತ್ತ್! ಪತ್ತ್!”

ಇಲ್ಲಿ ಸ್ವಲ್ಪ ವ್ಯಾಕರಣ ಹೇಳಲು ಅಪ್ಪಣೆ ಕೊಡಿ. ಕಾಲೇಜಿನಲ್ಲಿ ಓದಿದ್ದು ಉಪಯೋಗಕ್ಕೆ ಬಂದದ್ದು ಇದೊಂದೇ ಸಲ. ಹಳಗನ್ನಡದ ಪಕಾರ ನಮ್ಮ ಬಾಯಲ್ಲಿ ಹಕಾರವಾಯಿತು. ತುಳುವರು ಪಕಾರವನ್ನು ಬಿಡಲಿಲ್ಲ. ಅವರ ಹುಲಿ ಇನ್ನೂ ಪಿಲಿ, ಹೂ ಇನ್ನೂ ಪೂ, ಹತ್ತು ಇನ್ನೂ ಪತ್ತ್. ಆದರೆ ತುಳುವಿನ ಪತ್ತ್‌ಗೆ ಇನ್ನೊಂದು ಅರ್ಥ ಉಂಟು: ಹಿಡಿ.

ಏಳೂ ಜನ ಹಿಡಿದರು. ಕಾಲು ಸಿಕ್ಕಿದವರು ಕಾಲು, ಸೊಂಟ ಸಿಕ್ಕಿದವರು ಸೊಂಟ. ಸಭೆಯಿಂದಲೂ ನಾಲ್ಕಾರು ಮಂದಿ ನುಗ್ಗಿ ಬಂದು ಕೆಳಸಾಲಿನವರನ್ನು ಹಿಡಿದರು. ಗೋಪುರ ಕಲ್ಲಿನಂತೆ ನಿಂತಿತು. ಇಳಿಸುವುದು ಹೇಗೆ ಎಂದು ಯಾರಿಗೂ ತೋಚಲಿಲ್ಲ. ಇನ್ನೊಂದು ಮಾತು ಆಡಲು ಮಾಸ್ಟ್ರಿಗೆ ಯಾವ ಭಾಷೆಯಲ್ಲೂ ಧೈರ್ಯವಿರಲಿಲ್ಲ. ಆಗ ಕುಶಾಲಪ್ಪನೇ ತಲೆಯೆತ್ತದೆ ಹೇಳಿದ:

“ಪದ್ದು, ಮೆಲ್ಲ ಇಳಿ ಮಾರಾಯ. ನಂಗೆ ಮೂಗು ತುರಿಸ್ತಾ ಉಂಟು.”

ಇಳಿ ಎಂಬ ಇಷ್ಟು ಸುಲಭದ ಪದ ಕನ್ನಡದಲ್ಲಿದೆ ಎಂದು ಆವರೆಗೆ ಸಮಿತಿಗೆ ನೆನಪಾಗಿರಲಿಲ್ಲ. ಪದ್ಮನಾಭ ಇಳಿದ. ಕುಶಾಲಪ್ಪ ಮೊದಲು ಮೂಗು ತುರಿಸಿಕೊಂಡು, ಆಮೇಲೆ ನೆಲದ ಮೇಲೆ ಕುಳಿತ. ತಾಯಿ ಬಂದು ಮಗನ ತಲೆಗೆ ಎರಡು ಕೊಟ್ಟರು. ಚಪ್ಪಾಳೆ ಬಿದ್ದದ್ದು ಅದಕ್ಕೋ ಪಿರಮಿಡ್ಡಿಗೋ ತಿಳಿಯಲಿಲ್ಲ.

ಮರುದಿನ ಸಮಿತಿ ಸೇರಿತು. ಇಂಗ್ಲಿಷೇ ವಾಸಿ ಎಂದರು ಒಬ್ಬರು. “ರಾಜ್ಯ ಒಂದಾಯ್ತು, ಪಿರಮಿಡ್ಡು ಬಿದ್ದೋಯ್ತು ಅಂತ ಆಗುದು ಬೇಡ” ಎಂದರು ಅಧ್ಯಕ್ಷರು. ತುಳುವಿನಲ್ಲೇ ಎಣಿಸೋಣ ಎಂಬ ಸಲಹೆ ಬಂದಾಗ ಕುಶಾಲಪ್ಪ ಕೈಮುಗಿದ: “ಹಾಗೆ ಮಾಡಿದ್ರೆ ಇವ ಮುಂದಿನ ವರ್ಷದವರೆಗೆ ನನ್ನ ಮೇಲೆಯೇ ಇರ್ತಾನೆ ಮಾರಾಯ್ರೆ.” ಪಿರಮಿಡ್ಡೇ ಬೇಡವೆಂದು ಮಾತ್ರ ಯಾರೂ ಹೇಳಲಿಲ್ಲ, ಪದ್ಮನಾಭನೂ ಹೇಳಲಿಲ್ಲ. ಕೊನೆಗೆ ಹತ್ತನ್ನೇ ತೆಗೆದುಹಾಕಿ, ಒಂಬತ್ತರ ನಂತರ ‘ಸಾಕು’ ಎನ್ನುವುದೆಂದು ತೀರ್ಮಾನವಾಯಿತು.

ಅಂದಿನಿಂದ ನಮ್ಮ ಕ್ಲಬ್ಬಿನಲ್ಲಿ ಪಿರಮಿಡ್ಡು ಒಮ್ಮೆಯೂ ಅಲುಗಿಲ್ಲ. ‘ಸಾಕು’ ಎನ್ನುವ ಹಕ್ಕನ್ನು ಸಭೆಯವರು ಮಾಸ್ಟ್ರಿಂದ ಕಸಿದುಕೊಂಡು, ಒಂಬತ್ತು ಬಂದ ಕೂಡಲೇ ಎಲ್ಲರೂ ಒಟ್ಟಾಗಿ ಕೂಗುತ್ತಾರೆ. ಕೆಲವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ, ಐದಕ್ಕೇ ಕೂಗಿಬಿಡುತ್ತಾರೆ. ಅವರಲ್ಲಿ ಪದ್ಮನಾಭನ ತಾಯಿ ಒಬ್ಬರು. ಅವರ ಪಕ್ಕದ ಕುರ್ಚಿಯಲ್ಲಿ ನಾನು.