ಎಲ್ಲರೂ ಬಂದ್ರಾ?

ಶರಾವತಿ ಮಿಸ್ ನಮ್ಮ ಪಕ್ಕದ ಮನೆಯವರು. ಶಿವಮೊಗ್ಗದ ವಿದ್ಯಾನಗರದಲ್ಲಿ ಒಂದು ಸಣ್ಣ ನರ್ಸರಿ ಶಾಲೆಯಲ್ಲಿ ಬಹಳ ವರ್ಷ ಎಲ್‌ಕೆಜಿ ಮಕ್ಕಳಿಗೆ ಪಾಠ ಹೇಳಿದರು. ಈಗ ಹೋಗುವುದಿಲ್ಲ.

ಅವರ ತರಗತಿಯ ಶಿಸ್ತು ನೋಡಲು ಬೇರೆ ಟೀಚರುಗಳು ಬಾಗಿಲಲ್ಲಿ ನಿಲ್ಲುತ್ತಿದ್ದರಂತೆ. ಅವರು ‘ಅರ್ಥ ಆಯ್ತಾ?’ ಅಂದರೆ ಇಡೀ ತರಗತಿ ಒಂದೇ ರಾಗದಲ್ಲಿ ‘ಆಯ್ತು ಮಿಸ್’ ಅನ್ನುತ್ತಿತ್ತು. ‘ಊಟ ಮುಗೀತಾ?’ ಅಂದರೆ ‘ಮುಗೀತು ಮಿಸ್’. ಒಂದು ಮಗು ‘ಇಲ್ಲ’ ಅಂದರೆ ರಾಗ ಕೆಡುತ್ತಿತ್ತು, ಮಿಸ್ ಮತ್ತೆ ಮೊದಲಿಂದ ಕೇಳುತ್ತಿದ್ದರು. ಬರುಬರುತ್ತಾ ಇಲ್ಲ ಅನ್ನುವ ಮಕ್ಕಳು ಉಳಿಯಲಿಲ್ಲ. ಅದನ್ನೇ ಎಲ್ಲರೂ ಹೊಗಳಿದರು, ಅವರೂ ಅದನ್ನೇ ಪಾಠ ಅಂದುಕೊಂಡರು.

ಕಳೆದ ಚಳಿಗಾಲದ ಒಂದು ಶನಿವಾರ ಮಕ್ಕಳಿಗೆ ಆನೆ ತೋರಿಸಲು ಸಕ್ರೆಬೈಲಿನ ಬಿಡಾರಕ್ಕೆ ಕರೆದುಕೊಂಡು ಹೋದರು. ಶನಿವಾರ ಯೂನಿಫಾರಂ ಇಲ್ಲ, ಎಲ್ಲರದ್ದೂ ಬಣ್ಣದ ಬಟ್ಟೆ. ಅಲ್ಲಿಗೆ ಇನ್ನೊಂದು ಶಾಲೆಯ ಮಕ್ಕಳೂ ಬಂದಿದ್ದರು, ಅವರದ್ದೂ ಹಾಗೇ. ಆನೆಗಳು ತುಂಗೆಯಲ್ಲಿ ಮಲಗಿ ಮೈ ಉಜ್ಜಿಸಿಕೊಳ್ಳುವುದನ್ನು ನೋಡಿ ಮುಗಿಯಿತು. ಆ ಶಾಲೆಯ ಬಸ್ಸು ಮೊದಲೇ ಹೊರಟುಹೋಗಿತ್ತು. ಹೊರಡುವಾಗ ಮಿಸ್ ಬಸ್ಸಿನ ಬಾಗಿಲಲ್ಲಿ ನಿಂತು ಕೇಳಿದರು.

‘ಎಲ್ಲರೂ ಬಂದ್ರಾ?’

‘ಬಂದ್ವಿ ಮಿಸ್.’

ಡ್ರೈವರ್ ರುದ್ರೇಶ್ ಗಾಡಿ ಬಿಟ್ಟ.

ಮೊದಲ ಸ್ಟಾಪ್ ಸವಳಂಗ ರಸ್ತೆಯಲ್ಲಿ. ಅಲ್ಲಿ ಲೋಹಿತ್‌ನ ತಾಯಿ ಧನಲಕ್ಷ್ಮಿ ಕಾಯುತ್ತಿದ್ದರು. ಲೋಹಿತ್ ಇಳಿಯಲಿಲ್ಲ. ಆಯಾ ಶೇಷಮ್ಮ ಸೀಟುಗಳ ಕೆಳಗೆಲ್ಲ ಬಗ್ಗಿ ನೋಡಿ, ಎದ್ದು ನಿಂತು, ಇಲ್ಲ ಅಂತ ತಲೆ ಆಡಿಸಿದರು. ಮಿಸ್‌ಗೆ ಕಣ್ಣ ಮುಂದೆ ಕಂಡದ್ದು ನದಿ ಮಾತ್ರ. ಧನಲಕ್ಷ್ಮಿ ಬಸ್ ಹತ್ತಿ ಬಂದು ಕಂಬಿ ಹಿಡಿದು ನಿಂತರು. ಅವರ ಎದುರಿಗೇ ಮಿಸ್ ಮಕ್ಕಳನ್ನು ಕೇಳಿದರು.

‘ಲೋಹಿತ್ ನೀರಿನ ಹತ್ರ ಹೋದ್ನಾ?’

‘ಹೋದ ಮಿಸ್.’

ಧನಲಕ್ಷ್ಮಿ ಅಲ್ಲೇ ಕುಸಿದರು. ರುದ್ರೇಶ್ ಆನೆ ಬಿಡಾರಕ್ಕೆ ಫೋನ್ ಮಾಡಿ ನೀರಲ್ಲಿ ಹುಡುಕಲು ಹೇಳಿದ.

‘ಅಂಗಡಿ ಹತ್ರ ಹೋದ್ನಾ?’

‘ಹೋದ ಮಿಸ್.’

ಮಿಸ್, ಕೇಳಬೇಕೋ ಬೇಡವೋ ಎಂಬಂತೆ, ಮೆಲ್ಲಗೆ ಕೇಳಿದರು.

‘ಹಾರಿ ಹೋದ್ನಾ?’

‘ಹಾರಿ ಹೋದ ಮಿಸ್.’

ಧನಲಕ್ಷ್ಮಿ ತಲೆ ಎತ್ತಿದರು. ‘ಏನ್ ಕಲ್ಸಿದೀರ ಮಿಸ್ ಇವಕ್ಕೆ?’ ಅಂದರು. ಅಷ್ಟು ಹೇಳಿ ಇಳಿದು ಆಟೋ ಹತ್ತಿ ಸಕ್ರೆಬೈಲಿಗೆ ಹೊರಟರು. ಮಿಸ್ ತಡೆಯಲಿಲ್ಲ.

ಶೇಷಮ್ಮ ಮಕ್ಕಳನ್ನು ಗದರಲು ಹೋದರು. ಮಿಸ್ ಕೈ ಅಡ್ಡ ಹಿಡಿದರು. ಬಸ್ಸಿನ ನೆಲದ ಮೇಲೆ, ಮಕ್ಕಳ ಚಪ್ಪಲಿಗಳ ನಡುವೆ ಕೂತರು. ಏನೂ ಕೇಳಲಿಲ್ಲ. ಮಗು ನೀರಲ್ಲಿದ್ದರೆ ಒಂದೊಂದು ಕ್ಷಣವೂ ಮುಖ್ಯ ಅಂತ ಗೊತ್ತಿದ್ದೂ ಬಾಯಿ ಮುಚ್ಚಿ ಕೂರುವುದು ಎಷ್ಟು ಕಷ್ಟವಾಯಿತು ಅಂತ ಹೇಳುವಾಗ ಅವರು ಇವತ್ತಿಗೂ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ.

ಮಕ್ಕಳಿಗೆ ಆ ಮೌನ ಹೊಸದು. ಕೊನೆಗೆ ಕಿಟಕಿ ಪಕ್ಕದ ಸ್ಫೂರ್ತಿ ತಾನಾಗಿ ಹೇಳಿದಳು. ‘ಲೋಹಿತ್ ಆ ಬಸ್ಸಲ್ಲಿ ಕೂತ.’

‘ಹಳದಿ ಬಸ್ಸಾ?’ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಮಿಸ್ ನುಂಗಿಕೊಂಡರು. ಕೇಳಿದರೆ ಅವಳು ಹೌದು ಅನ್ನುತ್ತಾಳೆ.

‘ಕೆಂಪು ಪರದೆ ಇತ್ತು,’ ಅಂದಳು ಸ್ಫೂರ್ತಿ. ‘ಆಗ್ಲೇ ಹೇಳಕ್ಕೆ ಬಂದೆ. ನೀವು ಬೆರಳು ಬಾಯಿ ಮೇಲೆ ಅಂದ್ರಿ.’

ರುದ್ರೇಶನಿಗೆ ತಕ್ಷಣ ಗೊತ್ತಾಯಿತು. ಅದು ಭದ್ರಾವತಿಯ ಶಾಲೆಯ ಬಸ್ಸು, ಡ್ರೈವರ್ ಅವನ ಪರಿಚಯದವನು. ಫೋನ್ ಮಾಡಿದಾಗ ಆ ಕಡೆಯವನು ನಕ್ಕನಂತೆ. ‘ಇಲ್ಲ ಮಾರಾಯ, ನಮ್ ಮಿಸ್ ಕೇಳೇ ಹತ್ತಿಸಿದ್ದು. ಎಲ್ರೂ ಬಂದ್ವಿ ಅಂದ್ರು ಮಕ್ಳು.’ ಮಕ್ಕಳನ್ನು ಶಾಲೆಯಲ್ಲಿ ಇಳಿಸಿ ತಾನು ಹೊರಟೂ ಆಯಿತು ಅಂದ. ಆ ಶಾಲೆಯ ಫೋನ್ ಯಾರೂ ಎತ್ತಲಿಲ್ಲ.

ಡ್ರೈವರ್ ಇಲ್ಲ ಅನ್ನುತ್ತಾನೆ, ನಾಲ್ಕು ವರ್ಷದ ಹುಡುಗಿ ಹೌದು ಅನ್ನುತ್ತಾಳೆ. ಬಿಡಾರದವರು ಆಗಲೇ ಬಿದಿರಿನ ಕೋಲು ಹಿಡಿದು ನೀರಿಗಿಳಿದಿದ್ದರು. ಮಿಸ್ ಉಳಿದ ಮಕ್ಕಳನ್ನು ಶೇಷಮ್ಮನಿಗೆ ಒಪ್ಪಿಸಿ ಆಟೋ ಹಿಡಿದು ಭದ್ರಾವತಿಗೆ ಹೊರಟರು. ದಾರಿಯುದ್ದಕ್ಕೂ ಒಂದೇ ಯೋಚನೆ: ಸ್ಫೂರ್ತಿ ಕೂಡ ನನ್ನನ್ನು ಮೆಚ್ಚಿಸಲು ಹೇಳಿದ್ದರೆ?

ಆ ಶಾಲೆಯ ಜಗುಲಿಯಲ್ಲಿ ಮಕ್ಕಳು ಸಾಲಾಗಿ ಕೂತು ಬಾಳೆಹಣ್ಣು ತಿನ್ನುತ್ತಾ ಪೋಷಕರಿಗೆ ಕಾಯುತ್ತಿದ್ದರು. ಅಲ್ಲಿನ ಟೀಚರ್ ‘ಹಣ್ಣು ಸಿಹಿ ಇದ್ಯಾ?’ ಅಂತ ಕೇಳಿದರು. ‘ಇದೆ ಮಿಸ್’ ಅಂದ ಸಾಲಿನಲ್ಲಿ ಲೋಹಿತ್‌ನ ದನಿಯೂ ಇತ್ತು. ಅವನ ಕೈಯಲ್ಲಿ ಹಣ್ಣೇ ಇರಲಿಲ್ಲ.

ಮಿಸ್ ಧನಲಕ್ಷ್ಮಿಗೆ ಫೋನ್ ಮಾಡಿ ಹೇಳಿದರು. ಆ ಕಡೆಯಿಂದ ಅಳು ಬಿಟ್ಟು ಬೇರೇನೂ ಕೇಳಲಿಲ್ಲ. ಆಮೇಲೆ ಲೋಹಿತ್‌ನನ್ನು ತೊಡೆಯ ಮೇಲೆ ಕೂರಿಸಿಕೊಂಡರು.

‘ಹೆದ್ರಿಕೆ ಆಯ್ತಾ ಪುಟ್ಟಾ?’

‘ಆಯ್ತು ಮಿಸ್.’

ಅವನ ಮುಖದಲ್ಲಿ ಏನೂ ಕಾಣಲಿಲ್ಲ.

‘ಹೆದ್ರಿಕೆ ಆಗ್ಲಿಲ್ವಾ?’

‘ಆಗ್ಲಿಲ್ಲ ಮಿಸ್.’

ಅವರು ಮತ್ತೇನೂ ಕೇಳಲಿಲ್ಲ. ವಾಪಸ್ ಬರುವಾಗ ಆಟೋದಲ್ಲಿ ಅವನು ತಾನಾಗಿ ಒಂದು ಮಾತಾದರೂ ಆಡಲಿ ಅಂತ ಕಾದರು. ಅಳಲಿ, ಬೈಯಲಿ, ಹಸಿವು ಅನ್ನಲಿ. ಅವನು ಅವರ ಬಾಯನ್ನೇ ನೋಡುತ್ತಾ ಕೂತಿದ್ದ, ಮುಂದಿನ ಪ್ರಶ್ನೆಗಾಗಿ.