ಗ್ರಹಣದ ದಿನ ಜಯನಗರಕ್ಕೆ

ಕನಕಪುರದ ಬಸ್ ನಿಲ್ದಾಣದಲ್ಲಿ ಆ ಶನಿವಾರ ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಸಿಗದೆ ಏನು, ಇಡೀ ಬಸ್ಸಿನಲ್ಲಿ ಇದ್ದವರು ಐದಾರು ಜನ. ಎಂಬತ್ತನೇ ಇಸವಿಯ ದೊಡ್ಡ ಸೂರ್ಯಗ್ರಹಣದ ದಿನ ಅದು. ಮಧ್ಯಾಹ್ನ ಎರಡರ ಮೇಲೆ ಹಿಡಿಯುತ್ತದೆ, ಸಂಜೆಗೆ ಬಿಡುತ್ತದೆ, ಯಾರೂ ಹೊರಗೆ ಬರಬೇಡಿ ಎಂದು ಊರೆಲ್ಲ ಅದೇ ಮಾತು. ಮೂರು ರೂಪಾಯಿ ಚಿಲ್ಲರೆಗೆ ಟಿಕೆಟ್ಟು ಹರಿದುಕೊಟ್ಟ ಕಂಡಕ್ಟರು, “ಇವತ್ತು ಯಾಕಮ್ಮ ಹೊರಟ್ರಿ? ವಾಪಸ್ ಬರೋಕೆ ಗ್ರಹಣ ಬಿಟ್ಟ ಮೇಲೇ ಬಸ್ಸು,” ಎಂದ. ನಾನು ತಿರುಗಿ ನೋಡಿದೆ. ನನ್ನ ಮುಖ ಕಂಡ ಮೇಲೆ ಅವನು ಉತ್ತರಕ್ಕೆ ಕಾಯಲಿಲ್ಲ.

ಮುಖದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಎಡಗಡೆ ಹಣೆಯಿಂದ ಗಲ್ಲದವರೆಗೆ ದೊಡ್ಡ ಕಪ್ಪು ಮಚ್ಚೆ, ಅದರ ಮೇಲೆ ಸಣ್ಣ ಸಣ್ಣ ಕೂದಲು. ಹುಟ್ಟಿದಾಗಿನಿಂದ ಇದೆ. ನೋಯುವುದಿಲ್ಲ, ಯಾರಿಗೂ ಅಂಟುವುದಿಲ್ಲ. ನಾನು ಹೊಟ್ಟೆಯಲ್ಲಿದ್ದಾಗ ಅಮ್ಮ ಗ್ರಹಣದ ಹೊತ್ತಿನಲ್ಲಿ ಅಂಗಳಕ್ಕೆ ಬಂದು ಕೆನ್ನೆ ಕೆರೆದುಕೊಂಡಳಂತೆ, ಅದಕ್ಕೇ ಹೀಗಾಯಿತಂತೆ. “ಆ ವರ್ಷ ಗ್ರಹಣವೇ ಹಿಡೀಲಿಲ್ಲ ಕಣೆ,” ಎಂದು ಅಮ್ಮ ಸಾಯುವವರೆಗೂ ಹೇಳಿದಳು. ಕೇಳಿಸಿಕೊಂಡವರು ಯಾರು? ಎಸ್ಸೆಸ್ಸೆಲ್ಸಿ ಪಾಸಾಗಿದ್ದರೂ ನನಗೆ ಶಿಶುವಿಹಾರದಲ್ಲಿ ಕೆಲಸ ಕೊಡಲಿಲ್ಲ, ಮಕ್ಕಳು ಹೆದರುತ್ತವೆ ಎಂದರು. ರೇಷ್ಮೆ ನೂಲು ಬಿಚ್ಚುವ ಕಡೆ ಸೇರಿಕೊಂಡೆ. ಬಿಸಿನೀರಿನಲ್ಲಿ ಬೇಯುವ ಗೂಡುಗಳಿಗೆ ಯಾರ ಮುಖ ಹೇಗಿದ್ದರೇನು.

ನಾನು ಹೊರಟದ್ದು ನನ್ನ ತಮ್ಮ ಸೀನನ ಮನೆಗೆ. ಅಮ್ಮ ಹೋದ ಮೇಲೆ ಅವನನ್ನು ಬೆಳೆಸಿ ಓದಿಸಿದವಳು ನಾನು. ಅವನಿಗೆ ಬೆಂಗಳೂರಿನಲ್ಲಿ ಗುಮಾಸ್ತೆ ಕೆಲಸವಾಯಿತು, ಗಿರಿಜ ಎಂಬ ಹುಡುಗಿಯೊಂದಿಗೆ ಮದುವೆಯೂ ಆಯಿತು. ಆ ಮದುವೆಯಲ್ಲಿ ನನ್ನನ್ನು ಛತ್ರದ ಉಗ್ರಾಣದಲ್ಲಿ ತೆಂಗಿನಕಾಯಿ ಕಾಯಲು ಕೂರಿಸಿದ್ದರು. ಹುಡುಗಿ ನನ್ನನ್ನು ನೋಡಲಿಲ್ಲ, ನಾನೂ ಅವಳನ್ನು ನೋಡಲಿಲ್ಲ. ಈಗ ಅವಳು ತುಂಬು ಬಸುರಿ. ಗಂಡನ ಅಕ್ಕನನ್ನು ನೋಡಲೇಬೇಕು ಎಂದು ಹಟ ಹಿಡಿದಿದ್ದಾಳಂತೆ. ಹಿಂದಿನ ವಾರ ಸೀನ ಕನಕಪುರಕ್ಕೆ ಬಂದು ಕಾಲ ಬೆರಳು ನೋಡುತ್ತ ಹೇಳಿದ: “ಗ್ರಹಣದ ದಿನ ಬಾ ಅಕ್ಕ. ಅವಳನ್ನ ಕತ್ತಲೆ ರೂಮಲ್ಲಿ ಮಲಗಿಸಿರ್ತಾರೆ, ಕಿಟಕಿಗೆಲ್ಲ ಕಂಬಳಿ ಕಟ್ಟಿರ್ತಾರೆ. ಕೂತು ಮಾತಾಡು. ಗ್ರಹಣ ಬಿಡೋಕ್ಮುಂಚೆ ಎದ್ಬಿಡು. ಬಸುರಿ ಹೆಂಗಸು, ನೋಡಿದ್ರೆ ಮಗೂಗೆ...” ಮುಂದಿನದನ್ನು ಅವನು ನುಂಗಿಕೊಂಡ.

ಆದರೂ ಹೊರಟೆ. ಮೊದಲ ಬಾಣಂತನಕ್ಕೆ ನನ್ನನ್ನು ಕರೆಯಲಿ, ಆ ಮಗುವನ್ನು ಒಂದು ಸಲ ನನ್ನ ಕೈಗೆ ಕೊಡಲಿ ಎನ್ನುವ ಆಸೆ ನನ್ನನ್ನು ಬಸ್ಸು ಹತ್ತಿಸಿತು. ಚೀಲದಲ್ಲಿ ಅಮ್ಮನ ಹಳೆಯ ನೂಲಿನ ಸೀರೆ ಇತ್ತು. ಒಗೆದು ಒಗೆದು ಬೆಣ್ಣೆಯಾಗಿದ್ದ ಬಟ್ಟೆ. ಹುಟ್ಟಿದ ಕೂಸಿಗೆ ಮೊದಲು ಸುತ್ತಲು ಅದಕ್ಕಿಂತ ಮೆತ್ತಗಿನದು ನನ್ನಲ್ಲಿ ಇರಲಿಲ್ಲ.

ಹಾರೋಹಳ್ಳಿ ದಾಟಿ ಕಗ್ಗಲೀಪುರದಲ್ಲಿ ಬಸ್ಸು ನಿಂತಾಗ ಹಸಿವಾಗಿತ್ತು. ಹೋಟೆಲಿನವನು ಬಾಗಿಲು ಹಾಕುತ್ತಿದ್ದ. “ಒಲೆ ಆರಿಸ್ಬಿಟ್ವಿ ಅಕ್ಕ, ಕಾಫಿ ಸ್ವಲ್ಪ ಉಳಿದೈತೆ, ಬೇಕಾ?” ಎಂದು ನೆಲ ನೋಡಿಕೊಂಡೇ ಲೋಟ ಮುಂದಿಟ್ಟ. ಆರಿದ ಕಾಫಿ. ಕುಡಿದೆ. ಆಮೇಲೆ ಕೋಣನಕುಂಟೆ, ಸಾರಕ್ಕಿ. ಬನಶಂಕರಿಯಲ್ಲಿ ಇಳಿದಾಗ ಎರಡು ದಾಟಿತ್ತು. ನಿಂಬೆಹಣ್ಣಿನ ದೀಪ ಹಿಡಿದ ಹೆಂಗಸರು ಗಿಜಿಗುಡುವ ಜಾಗ ಅದು. ಅವತ್ತು ದೇವಸ್ಥಾನದ ಬಾಗಿಲು ಮುಚ್ಚಿತ್ತು, ಹೂವಿನ ಬುಟ್ಟಿಗಳೂ ಇರಲಿಲ್ಲ.

ಅಲ್ಲಿಂದ ರಾಗಿಗುಡ್ಡದ ಕಡೆಗೆ ನಡೆದೆ. ಸೀನನ ಮನೆ ಗುಡ್ಡದ ಹತ್ತಿರ, ಜಯನಗರದ ಒಂಬತ್ತನೇ ಬ್ಲಾಕಿನಲ್ಲಿ. ಜೆ.ಪಿ. ನಗರದ ಕಡೆಯೆಲ್ಲ ಅರ್ಧ ಕಟ್ಟಿದ ಮನೆಗಳು, ಜಲ್ಲಿ ಗುಡ್ಡೆಗಳು. ಒಂದು ನರಪಿಳ್ಳೆಯೂ ಇಲ್ಲ. ಕಿಟಕಿಗಳ ಗಾಜಿಗೆಲ್ಲ ಪೇಪರು ಅಂಟಿಸಿದ್ದರು. ಒಳಗೆ ಎಲ್ಲೋ ಮಂತ್ರ, ಎಲ್ಲೋ ರೇಡಿಯೋ. ಸ್ವಲ್ಪ ದೂರ ಹೋದ ಮೇಲೆ ನನಗೇ ಗೊತ್ತಿಲ್ಲದೆ ಸೆರಗನ್ನು ಎಡಗೆನ್ನೆಯಿಂದ ಇಳಿಸಿದ್ದೆ. ಬೀದಿಯಲ್ಲಿ ಹಾಗೆ ಮುಖ ಬಿಟ್ಟುಕೊಂಡು ನಡೆದದ್ದು ಬುದ್ಧಿ ಬಂದ ಮೇಲೆ ಅದೇ ಮೊದಲು. ಗಾಳಿ ಎರಡೂ ಕೆನ್ನೆಗೆ ಒಂದೇ ಥರ ತಾಗಿತು. ಇಡೀ ಜಯನಗರ ಹೆದರಿ ಒಳಗೆ ಕೂತಿತ್ತು, ಹೆದರಿದ್ದು ನನಗಲ್ಲ ಎನ್ನುವುದೇ ಒಂದು ಸುಖ. ಮಾವಿನ ಮರದ ಕೆಳಗೆ ಬಿದ್ದ ಬಿಸಿಲಿನ ಚುಕ್ಕೆಗಳೆಲ್ಲ ಕುಡುಗೋಲಿನಂತೆ ಬಾಗಿದ್ದವು. ನಿಂತು ನೋಡಿದೆ. ಚೆನ್ನಾಗಿತ್ತು.

ಒಂದು ಮನೆಯ ಗೇಟಿನಲ್ಲಿ ಮಾತ್ರ ಪಂಚೆಯುಟ್ಟ ಹಿರಿಯರೊಬ್ಬರು ಮಸಿ ಹಿಡಿಸಿದ ಗಾಜು ಕಣ್ಣಿಗಿಟ್ಟುಕೊಂಡು ಆಕಾಶ ನೋಡುತ್ತ ನಿಂತಿದ್ದರು. ಹೆಜ್ಜೆ ಸದ್ದು ಕೇಳಿ ಖುಷಿಯಾಗಿಬಿಟ್ಟರು.

“ಭೇಷ್! ನೀವೊಬ್ರೇ ಧೈರ್ಯವಂತರು ಕಣಮ್ಮ. ಬನ್ನಿ, ನೋಡಿ. ಚಂದ್ರ ಅಡ್ಡ ಬಂದಿದ್ದಾನೆ, ಅಷ್ಟೆ. ಅದಕ್ಕೆ ಹೆದರ್ಕೊಂಡು ಮಂಚದ ಕೆಳಗೆ ಸೇರ್ಕೊಂಡಿದ್ದಾರೆ ನಮ್ಮ ಜನ! ಬುದ್ಧಿ ಯಾವಾಗ ಬರುತ್ತೋ?” ಎನ್ನುತ್ತ ಆಕಾಶದಿಂದ ಕಣ್ಣು ಕೀಳದೆಯೇ ಗಾಜು ಕೊಟ್ಟರು.

ನೋಡಿದೆ. ಸೂರ್ಯ ಕಚ್ಚಿಟ್ಟ ರೊಟ್ಟಿಯ ಹಾಗಿದ್ದ. ಗಾಜು ವಾಪಸು ಕೊಡಲು ತಿರುಗಿದಾಗ ಅವರಿಗೆ ನನ್ನ ಎಡಗೆನ್ನೆ ಕಂಡಿತು. ಚಾಚಿದ್ದ ಕೈ ಹಿಂದಕ್ಕೆ ಹೋಯಿತು.

“ಅಲ್ಲೇ ಕಾಂಪೌಂಡ್ ಮೇಲೆ ಇಟ್ಬಿಡಿ,” ಎಂದರು. ಆಮೇಲೆ, “ಅದು... ಅಂಟೋದಾ?”

“ಇಲ್ಲ ಸಾರ್,” ಎಂದೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದೆ ನಲ್ಲಿ ತಿರುಗಿಸಿದ ಸದ್ದು ಕೇಳಿತು. ಗಾಜು ತೊಳೆದರೆ ಮಸಿಯೂ ಹೋಗುತ್ತದಲ್ಲ, ಇನ್ನು ಗ್ರಹಣ ಹೇಗೆ ನೋಡುತ್ತಾರೆ ಪಾಪ ಎಂದು ನಗು ಬಂತು. ನಗುವಿನ ಜೊತೆ ಇನ್ನೊಂದೂ ಬಂತು, ಅದನ್ನು ಸೆರಗಿನಲ್ಲಿ ಒರೆಸಿಕೊಂಡೆ.

ಸೀನ ಬಾಗಿಲನ್ನು ಅರ್ಧ ತೆರೆದು ನನ್ನನ್ನು ಒಳಗೆಳೆದುಕೊಂಡ. ಗಿರಿಜಳ ತಾಯಿ ಒದ್ದೆ ಸೀರೆಯಲ್ಲಿ ನಿಂತು ನೀರಿನ ಕೊಡಗಳಿಗೆ ದರ್ಭೆ ಹಾಕುತ್ತಿದ್ದರು. ಮದುವೆಯಲ್ಲಿ ನನ್ನನ್ನು ಉಗ್ರಾಣಕ್ಕೆ ಕಳಿಸಿದವರು ಅವರೇ. “ಬನ್ನಿ. ಅಳಿಯಂದ್ರು ಕೂಗಿದ ತಕ್ಷಣ ಎದ್ದು ಬಂದ್ಬಿಡಿ, ಬೇಜಾರ್ ಮಾಡ್ಕೋಬೇಡಿ,” ಎಂದು ಕೋಣೆಯ ಬಾಗಿಲು ಸರಿಸಿದರು. ಒಳಗೆ ಕಣ್ಣು ಕಟ್ಟಿದಷ್ಟು ಕತ್ತಲು.

“ಅತ್ತಿಗೆ, ಬಂದ್ರಾ? ಎಲ್ಲಿದ್ದೀರಾ, ಕೈ ಕೊಡಿ,” ಎಂದಿತು ಒಂದು ದನಿ. ತಡವಿಕೊಂಡು ಮಂಚದ ಅಂಚಿನಲ್ಲಿ ಕೂತೆ. ಅವಳು ನನ್ನ ಕೈ ಹಿಡಿದುಕೊಂಡಳು. “ಏನಿದು, ಬೆರಳೆಲ್ಲ ಸುಕ್ಕು?”

“ನೂಲು ಬಿಚ್ತೀನಲ್ಲಮ್ಮ, ದಿನಾ ಬಿಸಿನೀರು.”

“ಮದ್ವೇಗೆ ನೀವು ಯಾಕೆ ಬರ್ಲಿಲ್ಲ? ಕೇಳಿದ್ರೆ ಇವ್ರು ಮಾತು ಹಾರಿಸ್ತಾರೆ. ಅಕ್ಕಂಗೆ ನಾಚಿಕೆ ಅಂತಾರೆ.”

ಬಂದಿದ್ದೆ ಎಂದು ಹೇಳಲಿಲ್ಲ. ಸೀನ ಚಿಕ್ಕವನಿದ್ದಾಗ ಮಣ್ಣು ತಿನ್ನುತ್ತಿದ್ದದ್ದನ್ನು ಹೇಳಿದೆ. ಅವಳು ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕಳು. ಅಮ್ಮನ ಸೀರೆಯನ್ನು ಅವಳ ಕೈಗಿಟ್ಟೆ. ಅದನ್ನು ಮೂಸಿದಳು, ಕೆನ್ನೆಗೆ ಒತ್ತಿಕೊಂಡಳು. ನನ್ನ ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಮಗು ಒದೆಯಿತು. ಇನ್ನೊಮ್ಮೆ ಒದೆಯಿತು. ಅದುವರೆಗೆ ಯಾರೂ ನನ್ನಿಂದ ಹಾಗೆ ಮುಟ್ಟಿಸಿಕೊಂಡಿರಲಿಲ್ಲ.

“ಬಾಣಂತನಕ್ಕೆ ನೀವೇ ಬರ್ಬೇಕು ಅತ್ತಿಗೆ. ಅಮ್ಮಂಗೆ ಮಂಡಿನೋವು, ಅವರ ಕೈಲಿ ಆಗಲ್ಲ. ಬರ್ತೀರಾ?”

ಅವಳ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಹೊರಗಿನಿಂದ ಸೀನ ಕೂಗಿದ: “ಅಕ್ಕ, ಹೊತ್ತಾಯ್ತು.” ನಾನು ಏಳಲಿಲ್ಲ. ಇಷ್ಟು ಬೇಕಾದವಳು ಬೆಳಕಿನಲ್ಲಿ ಬೇಡವಾಗುತ್ತೇನೆಯೇ ಎನ್ನಿಸಿತು.

“ಗಿರಿಜಾ, ನನ್ನ ಮುಖದಲ್ಲಿ ಒಂದು ಮಚ್ಚೆ ಇದೆಯಮ್ಮ. ದೊಡ್ಡದು.”

“ಮಚ್ಚೆ ಯಾರಿಗಿರಲ್ಲ? ನಂಗೂ ಗಲ್ಲದ ಮೇಲಿದೆ. ಗ್ರಹಣ ಬಿಡ್ತು ಅನ್ಸುತ್ತೆ, ಆ ಕಂಬಳಿ ತೆಗೀರಿ. ನಿಮ್ಮನ್ನ ನೋಡ್ಬೇಕು.”

ನಾನೇ ಎದ್ದು ಕಂಬಳಿ ಎಳೆದೆ. ಸಂಜೆಯ ಬಿಸಿಲು ನೇರವಾಗಿ ಒಳಗೆ ಬಿತ್ತು. ನಾನು ಅವಳ ಕಡೆ ತಿರುಗಿದೆ, ಪೂರ್ತಿಯಾಗಿ. ದುಂಡು ಮುಖ, ಗಲ್ಲದ ಮೇಲೆ ಎಳ್ಳಿನಷ್ಟು ಮಚ್ಚೆ. ಅವಳು ಕಿರುಚಲಿಲ್ಲ. ಅವಳ ಎರಡೂ ಕೈ ಹೊಟ್ಟೆಯ ಮೇಲೆ ಹೋಗಿ ಅದನ್ನು ಮುಚ್ಚಿಕೊಂಡವು. ಆಮೇಲೆ ಅವಳು ಮೆಲ್ಲಗೆ ಗೋಡೆಯ ಕಡೆಗೆ ತಿರುಗಿಕೊಂಡಳು.

ತಾಯಿ ಓಡಿ ಬಂದರು, ಏನೋ ಕೂಗಾಡಿದರು. ಅದು ನನಗೆ ಕೇಳಿಸಲಿಲ್ಲ. ಗೇಟಿನವರೆಗೆ ಬಂದ ಸೀನ, “ಯಾಕಕ್ಕ ಹೀಗ್ ಮಾಡ್ದೆ? ಅಷ್ಟು ಹೇಳಿದ್ದೆ ನಿಂಗೆ,” ಎಂದ.

“ನಿಂಗೆ ಅನ್ನ ಕಲಸಿ ತಿನ್ಸಿದ್ದು ಇದೇ ಮುಖ ಇಟ್ಕೊಂಡು ಕಣೋ. ಆವಾಗ ನೀನು ಹೆದರ್ಲಿಲ್ಲ.”

ಅವನು ಅಳುತ್ತಾನೇನೋ ಎಂದುಕೊಂಡೆ. ಅವನು ಅಕ್ಕಪಕ್ಕದ ಮನೆಗಳ ಕಡೆ ನೋಡಿದ. ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿದ್ದವು. ಜನ ತಲೆಗೆ ಸ್ನಾನ ಮಾಡಿ ಅಂಗಳ ತೊಳೆಯಲು ಹೊರಗೆ ಬರುತ್ತಿದ್ದರು. ನಾನು ಸೆರಗು ಎಳೆದುಕೊಂಡೆ.

ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದೆ. ಗಿರಿಜಳ ತಾಯಿ ಅಮ್ಮನ ಸೀರೆಯನ್ನು ಕೋಲಿನ ತುದಿಯಲ್ಲಿ ಎತ್ತಿಕೊಂಡು ಬಂದು ರಸ್ತೆಯಾಚೆ ಜಲ್ಲಿ ಗುಡ್ಡೆಯ ಮೇಲೆ ಬಿಟ್ಟರು. ವಾಪಸು ಹೋದೆ. ಅವರು ಒಳಗೆ ಹೋಗುವ ತನಕವೂ ಕಾಯಲಿಲ್ಲ, ಅವರ ಎದುರಿಗೇ ಬಗ್ಗಿ ಎತ್ತಿಕೊಂಡು ದೂಳು ಕೊಡವಿದೆ.

ಬನಶಂಕರಿಯಲ್ಲಿ ಸಿಕ್ಕ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೇಗೋ ಒಂದು ಸೀಟು ಸಿಕ್ಕಿತು, ಪಕ್ಕದಲ್ಲಿದ್ದವಳು ಎದ್ದು ನಿಂತಳು. ಕಗ್ಗಲೀಪುರ ಬಂದರೂ ನಿಂತವರು ನಿಂತೇ ಇದ್ದರು, ನನ್ನ ಪಕ್ಕದ ಜಾಗ ಖಾಲಿಯೇ ಇತ್ತು. ಅಲ್ಲಿ ಸೀರೆ ಇಟ್ಟುಕೊಂಡೆ.

ಮುಂದಿನ ತಿಂಗಳು ಸೀನ ಪೆಟ್ಟಿಗೆ ತುಂಬ ಸಿಹಿ ಹಿಡಿದುಕೊಂಡು ಬಂದ. “ಹೆಣ್ಣು ಮಗು ಅಕ್ಕ. ಏನೂ ಆಗಿಲ್ಲ, ಮುಖದ ಮೇಲೆ ಒಂದು ಚುಕ್ಕೀನೂ ಇಲ್ಲ!” ಅದೇ ಅವನ ಮೊದಲ ಮಾತು. ಒಳ್ಳೆಯದಾಯಿತು ಎಂದೆ. ಒಳ್ಳೆಯದಾಗಲಿ ಎಂದೇ ನಾನೂ ಹಾರೈಸಿದ್ದೆ. ಆ ಮಗುವನ್ನು ನಾನು ಇನ್ನೂ ನೋಡಿಲ್ಲ.

ಅಮ್ಮನ ಸೀರೆಯನ್ನು ಮಡಿಸಿ ಹೊಲಿದು ಹೊದಿಕೆ ಮಾಡಿಕೊಂಡಿದ್ದೇನೆ. ಚಳಿಗೆ ನಾನೇ ಹೊದೆಯುತ್ತೇನೆ. ಮುಖದ ಮೇಲಕ್ಕೆ ಮಾತ್ರ ಎಳೆದುಕೊಳ್ಳುವುದಿಲ್ಲ.