ಕ್ಯಾಮರಾಕ್ಕೆ ಹಿಡಿದ ಕೊಡೆ

ಬಿಸಿಲಿಗೆ ಕಾದ ಚರ್ಮದ ವಾಸನೆ ಮೂಗಿಗೆ ಬಡಿದರೆ ಸಾಕು, ಮಾನ್ವಿಯ ನಮ್ಮ ಅಂಗಳ ಕಣ್ಣೆದುರು ಬಂದು ನಿಲ್ಲುತ್ತದೆ. ಮಾಸ್ತರಿಕೆ ಮಾಡುತ್ತಿದ್ದ ನಮ್ಮ ಕಾಕಾನ ಹತ್ತಿರ ಹಾರ್ಮೋನಿಯಂ ತಿದಿಯಂತೆ ಮಡಿಚಿಕೊಳ್ಳುವ ಕರಿ ಚರ್ಮದ ಕ್ಯಾಮರಾ ಒಂದಿತ್ತು. ನಮ್ಮ ಕಡೆಯ ಬಿಸಿಲು ಎಂಥದ್ದೆಂದು ನಿಮಗೆ ಬೇರೆ ಹೇಳಬೇಕೇ? ಚರ್ಮ ಸೀಳುತ್ತದೆ, ಅಂಟು ಬಿಡುತ್ತದೆ, ಒಳಗಿನ ರೀಲಿಗೆ ಒಂದೆಳೆ ಬೆಳಕು ತಾಕಿದರೂ ಚಿತ್ರ ಸುಟ್ಟಂತೆಯೇ ಎಂದು ಕಾಕಾ ಮಕ್ಕಳನ್ನೆಲ್ಲ ಹೆದರಿಸಿಟ್ಟಿದ್ದ. ಹಾಗಾಗಿ ಆತ ಎಲ್ಲಿ ಫೋಟೋ ತೆಗೆದರೂ ಹಿಂದೆ ನಿಂತು ಕ್ಯಾಮರಾಕ್ಕೆ ಕೊಡೆ ಹಿಡಿಯುವುದು ಆತನ ಹೆಂಡತಿ, ನಮ್ಮ ಕಾಕುವಿನ ಕೆಲಸ. "ಹೆಂಡ್ತಿ ಬಿಸಿಲಾಗ ಬೆಂದ್ರೂ ನಡೀತದ, ಈ ಡಬ್ಬಿ ಬೇಯಬಾರದು ನೋಡು!" ಎಂದು ಅಜ್ಜಿ ಮಗನನ್ನು ಚುಚ್ಚುತ್ತಿದ್ದಳು. ಕಾಕು ಸೆರಗು ಬಾಯಿಗೊತ್ತಿ ನಗುತ್ತಿದ್ದಳು. ಊರ ಮಂದಿಯ ಚಿತ್ರವೆಲ್ಲ ಬಂತು, ಕೊಡೆ ಹಿಡಿದವಳದು ಮಾತ್ರ ಒಂದೂ ಇರಲಿಲ್ಲ.

ನಿಜಾಮರ ಕಾಲದ ಕೊನೆಯ ಆ ಗಲಾಟೆಯ ವರ್ಷ, ಕೊಡೆ ಬೇಡದ ಒಂದು ಸಂಜೆ, ಕಾಕಾ ಆಕೆಯನ್ನು ಕಟ್ಟೆಯ ಮೇಲೆ ಕೂರಿಸಿ ಫೋಟೋ ತೆಗೆದ. ರೀಲು ತೊಳೆಸಲು ರಾಯಚೂರಿಗೆ ಹೋಗಬೇಕು. ಹಾದಿಯಲ್ಲಿ ಜೀವಕ್ಕೆ ಭರವಸೆಯಿಲ್ಲ. ಚಿತ್ರ ಕ್ಯಾಮರಾದೊಳಗೇ ಉಳಿಯಿತು. ಅಷ್ಟರಲ್ಲಿ ಕಾಕು ವಿಷಮಜ್ವರ ಬಂದು, ನೋಡನೋಡುತ್ತ ಹೋಗಿಯೇಬಿಟ್ಟಳು.

ಸೂತಕ ಕಳೆದ ದಿನ ಕಾಕಾ ನಮ್ಮನ್ನೆಲ್ಲ ಕರೆದುಕೊಂಡು ಬಾವಿಗೆ ಸ್ನಾನಕ್ಕೆ ಹೋಗಿದ್ದ. ಇತ್ತ ಅಜ್ಜಿ, ಮನೆಯ ಪದ್ಧತಿಯಂತೆ, ಸತ್ತವಳ ಕೋಣೆಯ ಮಂಚ, ಟ್ರಂಕು, ಸೀರೆಗಳನ್ನು ಅಂಗಳಕ್ಕೆ ಹಾಕಿಸಿದಳು. ಮೈಲಿಗೆ ಕಳೆಯಲು ಸೂರ್ಯನಾರಾಯಣನಿಗಿಂತ ದೊಡ್ಡವರಿಲ್ಲ ಎಂಬುದು ಆಕೆಯ ನಂಬಿಕೆ. ಗೂಡಿನಲ್ಲಿದ್ದ ಕ್ಯಾಮರಾವೂ ಆ ಕೋಣೆಯದೇ ಅಲ್ಲವೇ? ಟ್ರಂಕಿನ ಮುಚ್ಚಳ ತೆಗೆದಿಟ್ಟ ಹಾಗೆ ಅದರ ಬೆನ್ನನ್ನೂ ತೆಗೆದು, ಒಳಗೆಲ್ಲ ಬಿಸಿಲು ಹೋಗಲೆಂದು ಹಾಸುಗಲ್ಲಿನ ಮೇಲೆ ಇಟ್ಟಿದ್ದಳು. ನಾವು ಬಂದಾಗ ಅಂಗಳದ ತುಂಬ ಕಾದ ಚರ್ಮದ ವಾಸನೆ. ಕಾಕಾ ನಿಂತಲ್ಲೇ ನಿಂತ. ಆಮೇಲೆ ಮೂಲೆಯ ಕೊಡೆ ತಂದು, ಬಿಚ್ಚಿ, ಕ್ಯಾಮರಾದ ಮೇಲೆ ಹಿಡಿದ.

"ಏನಾತೋ ಯಪ್ಪಾ?" ಎಂದಳು ಅಜ್ಜಿ.

"ಏನಿಲ್ಲವ್ವಾ, ಬಿಸಿಲು ಭಾಳ ಅದ."

ಹಾದಿ ಸುಗಮವಾದ ಮೇಲೆ ಅಜ್ಜಿ ಪಡಸಾಲೆಯ ಗೋಡೆಗೆ ಒಂದು ಮೊಳೆ ಹೊಡೆಸಿದಳು. "ರಾಯಚೂರಿಗೆ ಹೋಗಿ ನನ್ನ ಸೊಸಿ ಫೋಟೋ ತರ್ಲಿಲ್ಲೇನೋ?" ಎಂದು ಸಾಯುವ ತನಕ ಕೇಳಿದಳು. ಪ್ರತಿ ಸಲವೂ ಕಾಕಾ, "ತರ್ತೀನವ್ವಾ" ಎಂದ. ನಿಜ ಹೇಳಿ ಮುದುಕಿಯ ಎದೆ ಒಡೆಯಲು ಆತನಿಗೆ ಮನಸ್ಸಾಗಲಿಲ್ಲ. ಈಗ ಇಬ್ಬರೂ ಇಲ್ಲ, ಆ ಮನೆಯೂ ಇಲ್ಲ. ಕಾಕುವಿನ ಮುಖ ಕಂಡವರಲ್ಲಿ ಉಳಿದದ್ದು ನಾನೊಬ್ಬಳೇ. ಆಕೆಯ ಮೂಗುಬೊಟ್ಟು ನೆನಪಿದೆ, ಸೆರಗೊತ್ತಿದ ನಗು ನೆನಪಿದೆ. ಕಣ್ಣು ಹೇಗಿದ್ದವೆಂಬುದು ಮಾತ್ರ, ಅಯ್ಯೋ, ಈಚೆಗೆ ಎಷ್ಟು ನೆನೆದರೂ ಬರುತ್ತಿಲ್ಲ.